ರೊಟ್ಟಿ ತಿಂದ ಊರಿಗೆ ಆಡುವವನು

ಅವನ ಬಲಗಿವಿ ಕಿವಿಯ ಹಾಗೆ ಇರಲಿಲ್ಲ. ಒಣಗಿದ ಅಣಬೆಯೊಂದನ್ನು ತಲೆಗೆ ಅಂಟಿಸಿದ ಹಾಗಿತ್ತು. ಆಟದಲ್ಲಿ ನಾಲ್ಕೈದು ಜನ ಮೇಲೆ ಬಿದ್ದು ಹಿಡಿಯುವಾಗ ನೆಲಕ್ಕೆ ಉಜ್ಜಿ, ಬಾತು, ಕೀವಾಗಿ, ಒಣಗಿ, ಮತ್ತೆ ಉಜ್ಜಿ ಹಾಗಾಗಿತ್ತು. ಕಳೆದ ತಿಂಗಳು ಗದ್ವಾಲಿನ ಆಸ್ಪತ್ರೆಯಲ್ಲಿ ಅವನ ಮೇಲಿನ ಬಟ್ಟೆ ಸರಿಸಿದಾಗ ನಾನು ಮುಖ ನೋಡಲಿಲ್ಲ. ಕಿವಿ ನೋಡಿದೆ. ಹೌದು, ಇವನೇ ಎಂದೆ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೂರಿನ ಹೆಸರನ್ನೂ ಬರೆಯುವುದಿಲ್ಲ. ಮಕ್ತಲ್‌ಗೆ ಹತ್ತಿರ, ಹೊಳೆಗೆ ಇನ್ನೂ ಹತ್ತಿರ ಎಂದರೆ ಸಾಕು. ನನ್ನ ಗಂಡನ ಹೆಸರಂತೂ ಬರುವುದೇ ಇಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರಬಾರದು ಎಂಬುದು ನಮ್ಮ ಕಡೆಯ ರೂಢಿ. ಆದರೆ ನಾನು ಬರೆಯದೆ ಇರುವುದು ರೂಢಿಗಾಗಿ ಅಲ್ಲ, ಭಯಕ್ಕೆ. ಯಾಕೆ ಭಯ ಎಂಬುದು ಮುಂದೆ ಬರುತ್ತದೆ. ನಾನು ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಕೂತವಳು. ಇದ್ದದ್ದನ್ನು ಇದ್ದ ಹಾಗೆ ಬರೆಯಲು ಅಷ್ಟು ಸಾಕು.

ಅವನು ಕೂಲಿಗೆ ಕಬಡ್ಡಿ ಆಡುತ್ತಿದ್ದ. ಈಗ ಟಿವಿಯಲ್ಲಿ ಆಟಗಾರರನ್ನು ಹರಾಜು ಹಾಕಿ ಕೊಳ್ಳುತ್ತಾರೆ, ಯಾರೂ ಅದನ್ನು ತಪ್ಪು ಎನ್ನುವುದಿಲ್ಲ. ಆಗ ಅದು ತಪ್ಪಾಗಿತ್ತು. ನಮ್ಮ ಕಡೆ ಆ ಆಟಕ್ಕೆ ಚೆಡುಗುಡು ಎನ್ನುತ್ತಿದ್ದರು. ಜೋಳದ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಊರಿಗೂ ಊರಿಗೂ ಪಂದ್ಯ. ಗೆದ್ದ ಊರಿಗೆ ಒಂದು ಟಗರು, ಇಲ್ಲವೆಂದರೆ ಗೋಡೆಗೆ ತೂಗುಹಾಕುವ ಹಿತ್ತಾಳೆಯ ಢಾಲು. ಆ ಢಾಲಿಗಾಗಿ ಗಂಡಸರು ವರ್ಷಗಟ್ಟಲೆ ಮಾತು ಬಿಡುತ್ತಿದ್ದರು. ಅದರಲ್ಲಿ ಬೇಯಿಸಿಕೊಂಡು ತಿನ್ನಲು ಬರುತ್ತಿರಲಿಲ್ಲ.

ಊರಿನವರೇ ಆಡಬೇಕು ಎಂಬುದು ನಿಯಮ. ಆದರೆ ಊರಿನವನು ಎಂದರೆ ಯಾರು? ಅದಕ್ಕೆ ಹಿರಿಯರು ಒಂದು ದಾರಿ ಮಾಡಿದ್ದರು. ಪಂದ್ಯದ ದಿನ ಬೆಳಿಗ್ಗೆ ಯಾರು ಆ ಊರಿನ ಒಲೆಯ ರೊಟ್ಟಿ ತಿಂದಿರುತ್ತಾನೋ ಅವನು ಆ ದಿನಕ್ಕೆ ಆ ಊರಿನವನು. ಎದುರು ಊರಿನವರು ಒಬ್ಬನನ್ನು ಕಳಿಸಿ ವಿಚಾರಿಸುತ್ತಿದ್ದರು. ರೊಟ್ಟಿ ಹಾಕಿದ ಮನೆಯ ಹೆಂಗಸು ಹೊರಗೆ ಬಂದು, "ನಮ್ಮ ಮನ್ಯಾಗ ಉಂಡಾನ, ನಮ್ಮವ" ಎನ್ನಬೇಕು. ಗಂಡಸರ ಮಾತು ನಡೆಯುತ್ತಿರಲಿಲ್ಲ. ಗಂಡಸರು ಆಟಕ್ಕಾಗಿ ದೇವರ ಮುಂದೆ ನಿಂತು ಸುಳ್ಳು ಹೇಳುತ್ತಾರೆ; ಹೆಂಗಸರಿಗೆ ಆಟದಲ್ಲಿ ಏನೂ ಆಗಬೇಕಿಲ್ಲ, ಆದ್ದರಿಂದ ನಿಜ ಹೇಳುತ್ತಾರೆ ಎಂದು ಅವರ ಲೆಕ್ಕ.

ನಮ್ಮ ಮನೆ ಊರಿನ ತುದಿಗಿತ್ತು, ದಾರಿಗೆ ಮೊದಲನೆಯದು. ಹಾಗಾಗಿ ರೊಟ್ಟಿ ಹಾಕುವ ಕೆಲಸ ನಮಗೆ ಬಂತು. ನಾನು ಮದುವೆಯಾಗಿ ಬಂದು ವರ್ಷವಾಗಿತ್ತು. ಒಲೆಯ ಮುಂದೆ ಕೂತಿದ್ದೆ. ಅತ್ತೆ ಒಳಗೆ ಬಂದು, "ಏ ಹುಡುಗಿ, ಇನ್ನ ನಾಕು ರೊಟ್ಟಿ ಬಡಿ. ನಮ್ಮ ಹುಡುಗ ಬಂದಾನ" ಎಂದಳು.

"ಯಾವ ಹುಡುಗ ಅತ್ತಿ?"

"ನನಗೇನ್ ಗೊತ್ತು? ಉಂಡ ಮ್ಯಾಗ ನಮ್ಮವ ಆಕ್ಕಾನ. ನೀ ಮೊದ್ಲ ಬಡಿ."

ಕಟ್ಟೆಯ ಮೇಲೆ ಕೂತಿದ್ದ. ಎತ್ತರ ಏನಿಲ್ಲ. ಕುತ್ತಿಗೆ ಇಲ್ಲ, ತಲೆ ನೇರ ಹೆಗಲ ಮೇಲೇ ಕೂತಿತ್ತು. ಕೆ.ಟಿ. ದೊಡ್ಡಿ ಕಡೆಯ ಕುರುಬರ ಮನೆಯವನು. ಕುರಿಯ ಹಿಂದೆ ಓಡಿ ಓಡಿ ಅವನ ಎದೆಯಲ್ಲಿ ಉಸಿರು ಬಹಳ ನಿಲ್ಲುತ್ತಿತ್ತು. ಸೊಂಟದಲ್ಲಿ ಬೀರಪ್ಪನ ಭಂಡಾರದ ಚೀಲ. ಎದುರಾಳಿಯ ಗೆರೆ ದಾಟುವ ಮೊದಲು ಒಂದು ಚಿಟಿಕೆ ಅರಿಶಿನ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ದೇವರಿಗಾಗಿಯೋ ಗಂಟಲಿಗಾಗಿಯೋ ಹೇಳಲಿಲ್ಲ.

ನಾನು ರೊಟ್ಟಿ, ಪುಂಡಿಪಲ್ಯ ಇಟ್ಟೆ. ಅವನು ಮುರಿಯಲಿಲ್ಲ. ನನ್ನ ಕಡೆ ನೋಡಿ, "ಯಕ್ಕಾ, ಇವತ್ತು ನನ್ನ ಹೆಸರೇನು?" ಎಂದ.

ನನಗೆ ತಿಳಿಯಲಿಲ್ಲ. ಅತ್ತೆ ಒಳಗಿನಿಂದಲೇ ಯಾರದೋ ಹೆಸರು ಕೂಗಿ ಹೇಳಿದಳು. ಜ್ವರ ಬಂದು ಮಲಗಿದ್ದ ಊರಿನ ಆಟಗಾರನೊಬ್ಬನ ಹೆಸರು. ಅವನು ಎರಡು ಸಲ ಬಾಯೊಳಗೆ ಅಂದುಕೊಂಡು, ಆಮೇಲೆ ರೊಟ್ಟಿ ಮುರಿದ. ಆರು ತಿಂದ. ನಾನು ಎಣಿಸಿದೆ, ಯಾಕೆಂದರೆ ನನಗೆ ಉಳಿಯಲಿಲ್ಲ.

ಹೀಗೆ ಏಳೆಂಟು ವರ್ಷ. ಪ್ರತಿ ಸಲ ಅದೇ ಪ್ರಶ್ನೆ. ಪ್ರತಿ ಊರಿನಲ್ಲೂ ಕೇಳುತ್ತಿದ್ದನಂತೆ. ಹೆಸರು ಸಿಗದೆ ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ, ಅನ್ನ ಸಿಗದೆ ಗೆರೆ ದಾಟುತ್ತಿರಲಿಲ್ಲ. ಒಮ್ಮೆ ಶಾಂತಿನಗರದ ಕಡೆ ಯಾರೋ ಅವಸರದಲ್ಲಿ ಬರೀ ಚಹಾ ಕುಡಿಸಿ ಕರೆದುಕೊಂಡು ಹೋದರು. ಇವನು ಎದುರಾಳಿಗಳ ನಡುವೆ ಹೋಗಿ ಸುಮ್ಮನೆ ನಿಂತುಬಿಟ್ಟ. ಹಿಡಿದರು, ಔಟಾದ. ಊರಿನವರು ಬಯ್ದರೆ, "ಉಂಡಿಲ್ಲಲ್ರೀ. ನಿಮ್ಮವ ಹೆಂಗ ಆಗ್ಲಿ?" ಎಂದನಂತೆ. ಆಗ ಒಬ್ಬಳು ಓಡಿಹೋಗಿ ಸೆರಗಿನಲ್ಲಿ ರೊಟ್ಟಿ ತಂದು, ಆಟದ ಬಯಲಿನಲ್ಲೇ ತಿನ್ನಿಸಿದಳು. ಆಮೇಲೆ ಗೆದ್ದರು.

ಐಜದ ಹತ್ತಿರ ಇನ್ನೊಂದು ನಡೆಯಿತು. ಅದನ್ನು ಅವನೇ ಹೇಳಿದ್ದು, ಎಷ್ಟು ನಿಜವೋ ಗೊತ್ತಿಲ್ಲ. ಎದುರು ಬದುರು ಆಡುವ ಎರಡು ಊರಿನವರೂ ಒಬ್ಬರಿಗೊಬ್ಬರು ತಿಳಿಯದೆ ಇವನನ್ನೇ ಕರೆಸಿದ್ದರು. ಇವನು ಎರಡು ಕಡೆಯೂ ಉಂಡಿದ್ದ. ಇಬ್ಬರು ಹೆಂಗಸರು ಬಂದು, "ನಮ್ಮವ", "ನಮ್ಮವ" ಎಂದರು. ಇಬ್ಬರದೂ ನಿಜ. ಹಿರಿಯರು ನಕ್ಕು, ಮೊದಲರ್ಧ ಒಬ್ಬರಿಗೆ, ಆಮೇಲಿನ ಅರ್ಧ ಇನ್ನೊಬ್ಬರಿಗೆ ಆಡು ಎಂದು ತೀರ್ಮಾನ ಮಾಡಿದರು. ಮೊದಲರ್ಧದಲ್ಲಿ ತನ್ನ ಜೊತೆ ಕೈಹಿಡಿದು ನಿಂತವರನ್ನೇ ಆಮೇಲೆ ಮುಟ್ಟಿ ಔಟ್ ಮಾಡಿದ. ಅಂಕ ಸಮ ಆಯಿತು. "ಎರಡೂ ಕಡೆ ಮೋಸ ಮಾಡಿಲ್ಲ ಯಕ್ಕಾ. ಮೊದಲಿನ ಊರಾಗ ನಾಕು ರೊಟ್ಟಿ, ಎರಡನೇದ್ರಾಗ ನಾಕು" ಎಂದ.

ನಾರಾಯಣಪೇಟೆಯ ಪಂದ್ಯದಲ್ಲಿ ನೋಡಲು ಬಂದ ಒಬ್ಬ ನೇಕಾರ ಕೂಗಿದನಂತೆ: "ಏಯ್, ಆಟಕ್ಕೂ ಕೂಲಿ ತಗೊಂತಿ, ನಾಚಿಕಿ ಇಲ್ಲೇನಲೇ?"

ಇವನು ಆಟ ನಿಲ್ಲಿಸಿ ಅವನ ಹತ್ತಿರ ಹೋದ. "ನೀ ಮಗ್ಗದ ಮುಂದ ಕುಂತು ಕೈಕಾಲು ಆಡಸ್ತಿ, ಕೂಲಿ ತಗೊಂತಿ. ನಾನೂ ಕೈಕಾಲು ಆಡಸ್ತೀನಿ. ನಿನ್ನ ಸೀರಿ ಒಂದು ಹೆಣ್ಣು ಉಡತಾಳ. ನನ್ನ ಆಟ ಇಡೀ ಊರು ಉಡತೈತಿ. ನಾಚಿಕಿ ಯಾರಿಗೆ ಆಗಬೇಕು?"

ನೇಕಾರನೇ ಮೊದಲು ನಕ್ಕನಂತೆ. ಇದನ್ನು ನನಗೆ ಹೇಳಿದವನು ನನ್ನ ಗಂಡ. ಹೇಳುವಾಗ ಅವನ ಮುಖದಲ್ಲಿ ಹೊಟ್ಟೆಕಿಚ್ಚಿತ್ತು.

ನನ್ನ ಗಂಡ ಆಟದ ಹುಚ್ಚ. ಆದರೆ ಎದೆ ಸರಿಯಿಲ್ಲ, ಒಂದು ಉಸಿರಿಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕೆಮ್ಮುತ್ತಿದ್ದ. ಹಾಗಾಗಿ ಪಂದ್ಯ ಗೊತ್ತು ಮಾಡುವುದು, ಆಡುವವರ ಅಂಗಿ ಹಿಡಿದುಕೊಂಡು ಕೂಡುವುದು ಅವನ ಕೆಲಸ.

ಅವನು ಒಳ್ಳೆಯವನಾಗಿದ್ದನೇ ಎಂದು ಯಾರಾದರೂ ಕೇಳಿದರೆ, ಇಲ್ಲ ಎನ್ನುತ್ತೇನೆ. ಆಟಗಾರನ ಮಾತು ಹೇಳುತ್ತಿದ್ದೇನೆ. ಕೂಲಿಯ ಜೋಳವನ್ನು ಮೊದಲು ಅಳೆಸಿಕೊಂಡೇ ಅಂಗಿ ಬಿಚ್ಚುತ್ತಿದ್ದ. ಸೋತವರನ್ನು ಆಡಿಕೊಳ್ಳುತ್ತಿದ್ದ. ಹೆಂಡತಿಯನ್ನು ಹೊಡೆಯುತ್ತಿದ್ದ. ತಲೆಗೆ ಪೆಟ್ಟು ಬಿದ್ದ ಮೇಲೆ ಹಾಗಾದ ಎಂದು ಕೆಲವರು ಹೇಳುತ್ತಾರೆ. ಮೊದಲೂ ಹೊಡೆಯುತ್ತಿದ್ದ. ಆ ನೆಪವನ್ನು ನಾನು ಅವನಿಗೆ ಕೊಡುವುದಿಲ್ಲ.

ತಲೆಗೆ ಪೆಟ್ಟು ಬಿದ್ದದ್ದು ಗದ್ವಾಲಿನಲ್ಲಿ. ಆ ವರ್ಷ ಮೊದಲ ಸಲ ಕಾಗದದ ಪಂದ್ಯ ಬಂತು. ಸುತ್ತಲಿನ ಊರುಗಳೆಲ್ಲ ಸೇರಿ ಆಡುವುದು. ಗೆದ್ದವರಿಗೆ ಮೊಹರು ಹಾಕಿದ ಸರ್ಟಿಫಿಕೇಟು. ರೊಟ್ಟಿಯ ನಿಯಮ ನಡೆಯುವುದಿಲ್ಲ, ಊರಿನ ರೇಷನ್ ಕಾರ್ಡಿನಲ್ಲಿ ಹೆಸರಿದ್ದವರೇ ಆಡಬೇಕು ಎಂದರು. ಹಿಂದಿನ ದಿನ ಒಬ್ಬನು ಪಟ್ಟಿ ಹಿಡಿದು ಊರೂರು ತಿರುಗಿ, ಪ್ರತಿಯೊಬ್ಬನನ್ನೂ ಅವನ ಮನೆಯಲ್ಲೇ ನೋಡಿ ಗುರುತು ಹಾಕಿಕೊಂಡು ಹೋಗುತ್ತಾನೆ ಎಂದೂ ತಿಳಿಯಿತು.

ನಮ್ಮೂರಿನವರು ಬೇರೆಯ ಹೆಸರು ಹುಡುಕಬಹುದಿತ್ತು. ಆದರೆ ಪಟ್ಟಿಯಲ್ಲಿ ತನ್ನ ಹೆಸರು ಇರಲಿ ಎಂಬ ಆಸೆ ನನ್ನ ಗಂಡನದು. ತಾನು ಆಡದಿದ್ದರೂ ಹೆಸರಾದರೂ ಆಡಲಿ ಎಂದು.

ಪಟ್ಟಿಯವನು ಬಂದಾಗ ಕೂಲಿ ಆಟಗಾರ ನಮ್ಮ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದ. ಗಂಡ ಹಿಂದಿನ ದನದ ಕೊಟ್ಟಿಗೆಯಲ್ಲಿ ಅಡಗಿದ್ದ. ಬಂದವನು ತೆಲುಗಿನವನು, ನಮ್ಮ ಮಾತೂ ಬರುತ್ತಿತ್ತು. ನನ್ನನ್ನೇ ಕೇಳಿದ: "ಏಮ್ಮಾ, ಈಯನ ನಿನ್ನ ಗಂಡನೇನು?"

ನಾನು ತಲೆ ಆಡಿಸಿದೆ.

"ತಲಿ ಆಡಿಸಿದ್ರ ಸಾಲದು. ಹೆಸರು ಹೇಳು. ಪಟ್ಟಿಯಲ್ಲಿ ನೋಡ್ತೀನಿ."

ಮದುವೆಯಲ್ಲಿ ಕೂಡ ನಾನು ಗಂಡನ ಹೆಸರು ಹೇಳಿರಲಿಲ್ಲ. ಹೇಳು ಹೇಳು ಎಂದು ಎಲ್ಲರೂ ಕಾಡಿದರೂ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಬೀಸುಕಲ್ಲಿನ ಮುಂದಿನಿಂದ ಮೆಲ್ಲಗೆ ಅಂದಳು: "ಹೇಳಲೇ. ಊರಿನ ಮಾನ ಐತಿ. ಒಂದು ಸಲಕ್ಕ ದೇವ್ರು ಏನೂ ಅನ್ನಂಗಿಲ್ಲ."

ಹೇಳಿದೆ. ರೊಟ್ಟಿ ತಿನ್ನುತ್ತ ಕೂತಿದ್ದ ಬೇರೆಯವನ ಕಡೆ ಕೈ ತೋರಿಸಿ ನನ್ನ ಗಂಡನ ಹೆಸರು ಹೇಳಿದೆ. ನನ್ನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಕೊಟ್ಟಿಗೆಯಲ್ಲಿ ಗಂಡನಿಗೂ ಕೇಳಿಸಿತು. ಪಟ್ಟಿಯವನು ಗುರುತು ಹಾಕಿಕೊಂಡು ಹೋದ.

ಅವನು ಮಾತ್ರ ಬಾಯೊಳಗಿನದನ್ನು ನುಂಗಿ, "ಒಳ್ಳೆ ಹೆಸರು ಯಕ್ಕಾ. ಕೆಡಸಂಗಿಲ್ಲ" ಎಂದ.

ಮರುದಿನ ನಾವು ಹೆಂಗಸರೂ ಹೋದೆವು. ಆಗ ಹೊಳೆಗೆ ಜೂರಾಲದ ಅಣೆಕಟ್ಟೆ ಇನ್ನೂ ಎದ್ದಿರಲಿಲ್ಲ. ಬಿದಿರಿನ ಪುಟ್ಟಿಯಲ್ಲಿ ಕೂತು ಹೊಳೆ ದಾಟಬೇಕಿತ್ತು. ನಾನು ಆಟ ನೋಡಿದ್ದು ಅದೊಂದೇ ಸಲ. ಕೊನೆಯ ಪಂದ್ಯದಲ್ಲಿ ಇವನು ಎದುರು ಕಡೆ ಹೋದಾಗ ಇಬ್ಬರು ಸೊಂಟ ಹಿಡಿದರು, ಮೂರನೆಯವನು ಓಡಿ ಬಂದು ಎದೆಗೆ ಗುದ್ದಿದ. ಅಂಗಳ ಹದ ಮಾಡಲು ತಂದಿದ್ದ ಕಲ್ಲಿನ ಉರುಳೆಯನ್ನು ಗೆರೆಯ ಹತ್ತಿರವೇ ಬಿಟ್ಟಿದ್ದರು. ತಲೆಯ ಹಿಂಭಾಗ ಅದಕ್ಕೆ ಬಡಿಯಿತು. ತೆಂಗಿನಕಾಯಿ ಒಡೆದ ಶಬ್ದ ಅಲ್ಲ, ಕೊಡ ನೆಲಕ್ಕೆ ಇಟ್ಟ ಶಬ್ದ. ಮಲಗಿಬಿಟ್ಟ. ನೀರು ಹಾಕಿದರು. ನಾನು ಸತ್ತ ಎಂದುಕೊಂಡೆ. ನನಗೆ ಬಂದ ಮೊದಲ ಯೋಚನೆ, ಇವನು ಸತ್ತರೆ ಪಟ್ಟಿಯಲ್ಲಿ ಸಾಯುವವನು ನನ್ನ ಗಂಡ ಎಂಬುದು.

ಎದ್ದ. ತೂರಾಡುತ್ತ ಬಂದು ಅಂಗಿ ಹಿಡಿದು ಕೂತಿದ್ದ ನನ್ನ ಗಂಡನನ್ನು ಕೇಳಿದ: "ನಾ ಯಾವೂರಿಗೆ ಆಡಾಕತ್ತೀನಿ?"

ಗಂಡ ಊರಿನ ಹೆಸರು ಹೇಳಿದ.

"ಹಂಗಾದ್ರ ಸರಿ."

ಎದೆಗೆ ಗುದ್ದಿದ್ದು ತಪ್ಪು ಎಂದು ಔಟ್ ಕೊಟ್ಟಿರಲಿಲ್ಲ, ಮತ್ತೆ ಹೋದ. ಇಬ್ಬರನ್ನು ಮುಟ್ಟಿದ. ಮೂವರು ಕಾಲು ಹಿಡಿದು ಎಳೆಯುತ್ತಿದ್ದರೂ ಹೊಟ್ಟೆಯ ಮೇಲೆ ತೆವಳಿ, ಉಸಿರು ಬಿಡದೆ, ಬೆರಳ ತುದಿಯನ್ನು ನಡುಗೆರೆಗೆ ಮುಟ್ಟಿಸಿದ. ಗೆದ್ದೆವು. ಬಯಲಿನ ತುಂಬ ಜನ ನನ್ನ ಗಂಡನ ಹೆಸರು ಕೂಗಿದರು. ಗಂಡ ಅಂಗಿಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.

ಫೋಟೋ ತೆಗೆದರು. ಏಳು ಜನ ನಿಂತಿದ್ದಾರೆ. ಎಡದಿಂದ ಮೂರನೆಯವನು ಅವನು, ಬಲಗಿವಿ ಕಾಣುವ ಹಾಗೆ ಮುಖ ತಿರುಗಿಸಿದ್ದಾನೆ. ಕೆಳಗೆ ಮೂರನೆಯ ಹೆಸರು ನನ್ನ ಗಂಡನದು.

ಸರ್ಟಿಫಿಕೇಟು ಬಂದ ದಿನ, ಗೆದ್ದರೆ ಕೊಡುವುದೆಂದು ಮಾತಾಗಿದ್ದ ಮೇಲಿನ ಕೂಲಿ ತೆಗೆದುಕೊಳ್ಳಲು ಅವನೂ ಬಂದಿದ್ದ. ಒಂದು ಚೀಲ ಜೋಳ, ಒಂದು ಕಂಬಳಿ. ಕಾಗದ ನೋಡಿ, "ಇದರಾಗ ನಾ ಎಲ್ಲಿ ಅದೀನಿ?" ಎಂದ. ಗಂಡ ತನ್ನ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲಿ" ಎಂದ. ಅವನು ಅದನ್ನು ಸ್ವಲ್ಪ ಹೊತ್ತು ನೋಡಿ, ನಕ್ಕು, ಚೀಲ ಹೊತ್ತುಕೊಂಡು ಹೋದ.

ನನ್ನ ಗಂಡ ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಕಟ್ಟೆಯ ಮೇಲೆ ಕೂತವರು, "ನಿನ್ನ ಹೆಂಡ್ತಿಗೆ ಎರಡು ಗಂಡ ಅಂತಲ್ಲೋ" ಎಂದು ಕಾಡುತ್ತಿದ್ದರು. ಆದರೆ ಎರಡು ವರ್ಷದ ಮೇಲೆ ಆಟಗಾರರಿಗೆಂದು ಮೀಸಲಿಟ್ಟ ಜಾಗದಲ್ಲಿ ನಾರಾಯಣಪೇಟೆಯ ಒಂದು ಕಚೇರಿಯಲ್ಲಿ ಅವನಿಗೆ ಜವಾನನ ನೌಕರಿ ಸಿಕ್ಕಿತು. ಆ ಸರ್ಟಿಫಿಕೇಟಿನ ಮೇಲೆಯೇ ಸಿಕ್ಕಿತು. ಆಗ ಸಿಟ್ಟು ಹೋಯಿತು. ನಾವು ಊರು ಬಿಟ್ಟು ನಾರಾಯಣಪೇಟೆಗೆ ಬಂದೆವು. ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದೆವು. ಫೋಟೋವನ್ನು ಟ್ರಂಕಿನ ತಳದಲ್ಲಿಟ್ಟೆವು. ಗಂಡ ನಿವೃತ್ತನಾಗಿ ಸತ್ತ. ಈಗ ಅವನ ಪಿಂಚಣಿ ನನಗೆ ಬರುತ್ತದೆ. ಗಂಡನ ಮನೆ ಬಿಟ್ಟು ಬಂದ ನನ್ನ ಮಗಳು ನನ್ನ ಜೊತೆ ಇದ್ದಾಳೆ. ಅವಳ ಎರಡು ಕಣ್ಣೂ ಮಂದ, ದುಡಿಯಲಾಗುವುದಿಲ್ಲ. ನಮ್ಮಿಬ್ಬರಿಗೂ ಅದೊಂದೇ.

ಅವನ ಕಥೆ ಕೆಳಮುಖವಾಗಿ ಹೋಯಿತು. ಗದ್ವಾಲಿನ ಪೆಟ್ಟಿನ ಮೇಲೆ ಆಟದ ನಡುವೆ ನಿಂತುಬಿಡುತ್ತಿದ್ದ. ಯಾವ ಕಡೆಗೆ ಓಡಬೇಕು ಎಂಬುದು ಮರೆಯುತ್ತಿತ್ತು. ಮೂರು ನಾಲ್ಕು ವರ್ಷ ಹಾಗೂ ಹೀಗೂ ಆಡಿದ. ಆಮೇಲೆ ಮೊಣಕಾಲು ಹೋಯಿತು. ಕರೆಯುವುದು ನಿಂತಿತು. ಐಜದಲ್ಲಿ ಹತ್ತಿ ಮೂಟೆ ಹೊರಲು ನಿಂತ. ಮೂಟೆಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೊತ್ತುಕೊಂಡೇ ಬಜಾರದಲ್ಲಿ ತಿರುಗುತ್ತಿದ್ದನಂತೆ. ಬಿಡಿಸಿದರು. ಹೆಂಡತಿ ಬಿಟ್ಟು ಹೋದಳು. ಬಹಳ ಮೊದಲೇ ಹೋಗಬೇಕಿತ್ತು.

ಆದರೂ ವರ್ಷಕ್ಕೊಮ್ಮೆ ಜೋಳದ ರಾಶಿ ಮುಗಿಯುವ ಕಾಲಕ್ಕೆ ನಮ್ಮ ಮನೆಗೆ ಬರುತ್ತಿದ್ದ. ನಾರಾಯಣಪೇಟೆಯ ಮನೆಯನ್ನು ಹೇಗೆ ಹುಡುಕಿದನೋ. ಹೊರಗಿನ ಕಲ್ಲಿನ ಮೇಲೆ ಕೂತು, "ಯಕ್ಕಾ, ಇವತ್ತು ನನ್ನ ಹೆಸರೇನು?" ಎನ್ನುತ್ತಿದ್ದ. ಮೊದಮೊದಲು ಚೇಷ್ಟೆಗೆ ಕೇಳುತ್ತಿದ್ದ. ಬರಬರುತ್ತ ಅದು ಚೇಷ್ಟೆಯೋ ನಿಜವೋ ತಿಳಿಯದಾಯಿತು. ನಾನು ಬಾಯಿಗೆ ಬಂದ ಹೆಸರು ಹೇಳಿ ರೊಟ್ಟಿ ಕೊಡುತ್ತಿದ್ದೆ. ತಿಂದು ಹೋಗುತ್ತಿದ್ದ. ನನ್ನ ಗಂಡ ಬದುಕಿದ್ದಾಗ ಅವನು ಬಂದರೆ ಒಳಕೋಣೆಗೆ ಹೋಗಿ ಕೂಡುತ್ತಿದ್ದ.

ಕೊನೆಯ ವರ್ಷಗಳಲ್ಲಿ ಮಕ್ತಲ್ ಬಸ್ ನಿಲ್ದಾಣದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ. ಅಲ್ಲಿ ಟಿವಿಯಲ್ಲಿ ಕಬಡ್ಡಿ ಹಾಕುತ್ತಿದ್ದರು. ಒಂದು ದಿನ ಯಾರೋ, "ಆ ಆಟಗಾರನ್ನ ಸಂತ್ಯಾಗ ಎತ್ತು ಕೊಂಡಂಗ ಕೊಂಡಾರ ನೋಡು ತಾತಾ" ಎಂದಾಗ, "ನನ್ನೂ ಕೊಂಡಿದ್ರು. ಬರಕೊಂಡಿಲ್ಲ, ಅಷ್ಟ" ಎಂದನಂತೆ. ಚಹಾ ಕುಡಿಯುತ್ತಿದ್ದ ಡ್ರಿಲ್ ಮಾಸ್ತರರೊಬ್ಬರು ಅದನ್ನು ಕೇಳಿಸಿಕೊಂಡರು. ವಯಸ್ಸು ಚಿಕ್ಕದು, ಒಳ್ಳೆಯ ಮನುಷ್ಯ. ಕೂಡಿಸಿ ಕೇಳಿದರು. ಕೆಟ್ಟ ಮೊಣಕಾಲು, ಕಿವಿ ನೋಡಿ ನಂಬಿದರು. ವಯಸ್ಸಾದ ಬಡ ಆಟಗಾರರಿಗೆ ಪಿಂಚಣಿ ಕೊಡುತ್ತಾರೆ, ದರಖಾಸ್ತು ಹಾಕೋಣ ಎಂದರು. ಕಚೇರಿಯಲ್ಲಿ ಕೇಳಿದ್ದು ಇಷ್ಟೇ: ಆಡಿದ್ದಕ್ಕೆ ಒಂದು ಕಾಗದ, ಇಲ್ಲವೆಂದರೆ ಆಡಿದ್ದನ್ನು ಕಂಡ ಇಬ್ಬರು ಸಾಕ್ಷಿ.

ಮಾಸ್ತರರು ಅವನನ್ನು ತಮ್ಮ ಗಾಡಿಯ ಹಿಂದೆ ಕೂಡಿಸಿಕೊಂಡು ಅವನು ಆಡಿದ ಊರುಗಳಿಗೆಲ್ಲ ಹೋದರು. ಢಾಲುಗಳು ಇನ್ನೂ ಗೋಡೆಯ ಮೇಲಿದ್ದವು. ಯಾವುದರ ಮೇಲೂ ಅವನ ಹೆಸರಿರಲಿಲ್ಲ. ಒಂದೂರಿನ ಹಿರಿಯ ಮುಖದ ಮೇಲೆ ಹೇಳಿದನಂತೆ: "ನಮ್ಮ ಮಂದೀನ ಆಡ್ಯಾರ್ರೀ. ಕೂಲಿಯವ್ನ ಹಚ್ಚಿದ್ವಿ ಅಂತ ಈಗ ಬರಕೊಟ್ರ, ಆ ಗೆಲುವು ಯಾರದು? ಎದುರಿನ ಊರವ್ರು ನಾಳೆ ಬಂದು ಢಾಲು ಕೇಳತಾರ." ಢಾಲು ಕಿಲುಬು ಹಿಡಿದಿತ್ತಂತೆ. ಕೊಡಲಿಲ್ಲ. ಉಳಿದ ಊರಿನವರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ರೊಟ್ಟಿ ಹಾಕಿದ ಹೆಂಗಸರನ್ನು ಕೇಳೋಣವೆಂದರೆ ಹೆಚ್ಚಿನವರು ಸತ್ತಿದ್ದರು. ನಾನು ಸತ್ತಿರಲಿಲ್ಲ.

ಮಾಸ್ತರರು ಅವನನ್ನು ಕರೆದುಕೊಂಡು ನನ್ನ ಮನೆಗೆ ಬಂದಾಗ ಮಧ್ಯಾಹ್ನ. ಒಲೆಯ ಮೇಲೆ ಹಂಚಿತ್ತು. ಅವನು ಹೊರಗಿನ ಕಲ್ಲಿನ ಮೇಲೆ ಕೂತ, ಯಾವಾಗಲೂ ಕೂಡುವ ಹಾಗೆ. ಮಾಸ್ತರರು ಒಳಗೆ ಬಂದು ಎಲ್ಲ ಹೇಳಿದರು. "ಅವ್ವಾರ, ಗದ್ವಾಲ ಪಂದ್ಯದಾಗ ನಿಮ್ಮೂರು ಗೆದ್ದಿತ್ತಂತಲ್ರೀ. ಅದರಾಗ ಇವರು ಆಡಿದ್ದು ಖರೇ ಏನು? ನೀವು ಒಬ್ಬರು ಬಾಯಿ ಬಿಟ್ರ, ಇನ್ನೊಬ್ಬರನ್ನ ನಾ ಹೆಂಗಾರ ಹುಡುಕ್ತೀನಿ. ಒಂದು ಫೋಟೋ ಸಿಕ್ಕರಂತೂ ಯಾರೂ ಬ್ಯಾಡ."

ಫೋಟೋ ಅವರು ಕೂತಿದ್ದ ಟ್ರಂಕಿನೊಳಗೇ ಇತ್ತು. ಅವರ ತಲೆಯ ಮೇಲೆ ಗೋಡೆಯಲ್ಲಿ ಕಾಗದ ತೂಗುತ್ತಿತ್ತು. ಫೋಟೋ ಹೊರಗೆ ಬಂದರೆ, ಮೂರನೆಯವನು ಅವನು; ಕೆಳಗಿನ ಹೆಸರು ನನ್ನ ಗಂಡನದು. ಹಾಗಾದರೆ ನೌಕರಿ ಸುಳ್ಳು. ನೌಕರಿ ಸುಳ್ಳಾದರೆ ಪಿಂಚಣಿ ಸುಳ್ಳು. ಅವನಿಗೆ ಸಿಗಬೇಕಾದದ್ದು ಸಿಗಬೇಕೆಂದರೆ ನನ್ನದು ಹೋಗಬೇಕು. ಇದನ್ನು ಲೆಕ್ಕ ಹಾಕಲು ಶಾಲೆ ಬೇಕಾಗಲಿಲ್ಲ.

ಮಗಳು ಅಡುಗೆಮನೆಯ ಬಾಗಿಲಿಗೆ ಕರೆದು ನನ್ನ ಕೈ ಹಿಡಿದು ಅಂದಳು: "ಯವ್ವಾ, ಬಾಯಿ ತೆರದಿ ಅಂದ್ರ ನಾವಿಬ್ರೂ ಆ ಕಲ್ಲಿನ ಮ್ಯಾಲ ಕೂಡಬೇಕಾಕ್ಕೈತಿ."

ನಾನು ಹೊರಗೆ ಬಂದೆ. ಮಾಸ್ತರರೂ ಎದ್ದು ಬಂದು ಮತ್ತೆ ಕೇಳಿದರು, ಹಿಂದಿನ ಕಾಲದಲ್ಲಿ ಎದುರು ಊರಿನವರು ಕೇಳುತ್ತಿದ್ದ ಹಾಗೆಯೇ: "ಹೇಳ್ರಿ ಅವ್ವಾರ. ಇವರು ನಿಮ್ಮವರೇನು?"

"ನಮ್ಮವ ಅಲ್ಲ" ಎಂದೆ. "ನಾ ನೋಡೇ ಇಲ್ಲ ಇವರನ್ನ."

ಏಳೆಂಟು ವರ್ಷ, ಅವನು ನಮ್ಮವನಲ್ಲದಾಗ ನಮ್ಮವ ನಮ್ಮವ ಎಂದಿದ್ದೆ.

ಮಾಸ್ತರರು ಅವನ ಕಡೆ ನೋಡಿದರು. ಅವನು ಜಗಳ ಮಾಡಲಿಲ್ಲ. ಬಾಗಿಲಿನಿಂದ ಒಳಗಿನ ಗೋಡೆ ಕಾಣುತ್ತಿತ್ತು, ಕಟ್ಟು ಹಾಕಿದ ಕಾಗದ ಕಾಣುತ್ತಿತ್ತು. ಅದನ್ನೇ ನೋಡಿ, "ಅದು ಅವರ ಮನಿಯವರದ್ರೀ ಮಾಸ್ತರ. ನಂದಲ್ಲ" ಎಂದ. ನನ್ನನ್ನು ಉಳಿಸಲು ಹಾಗೆ ಅಂದ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನನಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ಅವನ ತಲೆಯಲ್ಲಿ ಏನು ಉಳಿದಿತ್ತೋ ಏನು ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಮಾಸ್ತರರು ಗಾಡಿ ತಿರುಗಿಸಲು ಹೋದರು. ಅವನು ಕಲ್ಲಿನ ಮೇಲೆ ಕೂತೇ ಇದ್ದ. ಒಳಗೆ ಹಂಚಿನ ಮೇಲಿನ ರೊಟ್ಟಿ ಉಬ್ಬಿತ್ತು, ವಾಸನೆ ಹೊರಗಿನವರೆಗೂ ಬರುತ್ತಿತ್ತು.

"ಯಕ್ಕಾ, ಇವತ್ತು ನನ್ನ ಹೆಸರೇನು?" ಎಂದ.

ಹೆಸರು ಕೊಟ್ಟರೆ ರೊಟ್ಟಿ ಕೊಡಬೇಕು. ರೊಟ್ಟಿ ಕೊಟ್ಟರೆ ಮಾಸ್ತರರ ಕಣ್ಣ ಮುಂದೆ ಅವನು ನಮ್ಮವನಾಗುತ್ತಾನೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಾಡಿ ಹೋದ ಶಬ್ದ ಕೇಳಿಸಿತು. ರೊಟ್ಟಿ ಒಂದು ಕಡೆ ಸೀದಿತ್ತು. ಕೆರೆದು ನಾನೇ ತಿಂದೆ.

ದರಖಾಸ್ತು ತಿರುಗಿ ಬಂತು. ಸಬೂತು ಇಲ್ಲ ಎಂದು ಬರೆದಿದ್ದರಂತೆ. ಅವನು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಹೋಟೆಲಿಗೂ ಹೋಗುವುದನ್ನು ಬಿಟ್ಟ. ಎಲ್ಲಿದ್ದನೋ. ಕಳೆದ ತಿಂಗಳು ಗದ್ವಾಲಿನ ಬಸ್ ನಿಲ್ದಾಣದಲ್ಲಿ ಬಿದ್ದಿದ್ದ. ಅಂಗಿಯ ಜೇಬಿನಲ್ಲಿ ಮಾಸ್ತರರ ಫೋನ್ ನಂಬರಿನ ಚೀಟಿ ಮಾತ್ರ ಇತ್ತು.

ಮಾಸ್ತರರು ನನ್ನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ನೀವು ಅವರನ್ನ ನೋಡೇ ಇಲ್ಲ ಅಂದೀರಿ. ಆದ್ರೂ ಕೇಳತೀನಿ. ಹೆಣ ಕೊಡಾಕ ಇಬ್ಬರು ಗುರುತು ಹೇಳಬೇಕಂತ. ನಾ ಒಬ್ಬವ ಅದೀನಿ. ಬೇರೆ ಯಾರೂ ಬರವಲ್ರು" ಎಂದರು.

ಹೋದೆ. ಈಗ ಹೊಳೆ ದಾಟಲು ಪುಟ್ಟಿ ಬೇಕಿಲ್ಲ, ಅಣೆಕಟ್ಟೆಯ ಮೇಲೆ ಬಸ್ಸು ಹೋಗುತ್ತದೆ. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದರು. ಕಿವಿ ನೋಡಿ ಹೌದು ಎಂದೆ. ಮಾಸ್ತರರು ನನ್ನ ಕಡೆ ನೋಡಿದರು. ಅವರಿಗೆ ತಿಳಿಯಿತು. ಕಾಗದ ಬರೆಯುವವನು, "ನಿಮಗ ಏನಾಗಬೇಕಮ್ಮಾ ಇವರು?" ಎಂದ. "ಏನೂ ಆಗಬೇಕಿಲ್ಲ" ಎಂದೆ. ದಸ್ತಖತ್ ಮಾಡಿದೆ.

ಪಿಂಚಣಿಗೆ ಇಬ್ಬರು ಸಾಕ್ಷಿ ಬೇಕಿತ್ತು, ಸಿಗಲಿಲ್ಲ. ಹೆಣಕ್ಕೂ ಇಬ್ಬರು ಬೇಕಿತ್ತು, ಸಿಕ್ಕೆವು. ಮಾಸ್ತರರು ಮಣ್ಣು ಮಾಡಿಸಿದರು. ನಾನು ಅಷ್ಟು ಹೊತ್ತು ನಿಲ್ಲಲಿಲ್ಲ, ಸಂಜೆಯ ಬಸ್ಸಿಗೆ ಬಂದೆ.

ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಿ ಬರಬೇಕು. ಮೊನ್ನೆ ಹೋಗಿದ್ದೆ. ಕಿಟಕಿಯೊಳಗಿನ ಹೊಸ ಗುಮಾಸ್ತ ಹುಡುಗಿ ತಲೆ ಎತ್ತದೆ, "ಗಂಡನ ಹೆಸರು ಹೇಳಮ್ಮಾ" ಎಂದಳು. ನಾನು ಸುಮ್ಮನಿದ್ದೆ. ಹಳೆಯ ಕಾಲದ ಹೆಂಗಸು, ನಾಚಿಕೆ ಎಂದುಕೊಂಡು ಅವಳು ನಕ್ಕಳು. "ಹೇಳಮ್ಮಾ, ಇಲ್ಲಿ ಯಾರೂ ಏನೂ ಅನ್ನಂಗಿಲ್ಲ."

ಅತ್ತೆ ಬೀಸುಕಲ್ಲಿನ ಮುಂದೆ ಕೂತು ಹೇಳಿದ್ದೂ ಅದೇ ಮಾತು.

ಹೇಳಿದೆ. ಅವಳು ಬರೆದುಕೊಂಡಳು, ಮೊಹರು ಒತ್ತಿದಳು. ಮನೆಗೆ ಬಂದು ಒಲೆ ಹಚ್ಚಿದೆ. ನನಗೊಂದು, ಮಗಳಿಗೊಂದು ರೊಟ್ಟಿ ಬಡಿದೆ. ಮೂರನೆಯದಕ್ಕೆ ಹಿಟ್ಟು ಕಲಸಲಿಲ್ಲ.